ಹಿಮಸಾರಂಗದ ಮೇವು: ಒಂದು ಕಲ್ಲುಹೂವಿನ ಚರಿತ್ರೆ

ನಮ್ಮ ಅಡಿಗೆಯ ಮನೆಗಳಲ್ಲಿ ಮಸಾಲೆಯ ಪುಡಿಗೆ ಹಾಕುವ ಕಲ್ಲುಹೂವೆಂಬ ಪದಾರ್ಥವನ್ನು ಕಾಣದವರು ವಿರಳ. ಅಮರಸಿಂಹನು ಶೈಲೇಯಕ್ಕೆ ಹೇಳಿರುವ ಪರ್ಯಾಯನಾಮಗಳಲ್ಲಿ ಅಶ್ಮಪುಷ್ಪವೆಂಬುದೂ ಒಂದು. ನಮ್ಮ ಮಾತು ಅದರ ನೇರವಾದ ಕನ್ನಡದಂತಿದೆ. ಹೆಸರು ಸೊಗಸಾಗಿದ್ದರೂ ವಸ್ತುಸ್ಥಿತಿಗೆ ಅಷ್ಟಾಗಿ ಒಪ್ಪುವುದಿಲ್ಲ. ಈ ವರ್ಗದ ಜೀವಿಗಳು ಹೂ ಬಿಡುವುದೇ ಇಲ್ಲ. ಕಲ್ಲನ್ನೇ ಆಶ್ರಯಿಸಬೇಕೆಂಬ ನಿಯಮವೂ ಅವಕ್ಕಿಲ್ಲ. ಅಂಗಡಿಯಲ್ಲಿ ಮಾರುವ ಕಲ್ಲುಹೂವಿನಲ್ಲಿ ಮರದ ತೊಗಟೆಯಿಂದ ಬಿಡಿಸಿ ತಂದುದೇ ಬಹಳವಿರುತ್ತದೆ. ಭೂಮಂಡಲದ ಉತ್ತರ ಭಾಗದಲ್ಲಿ, ನಾರ್ವೆ ಸ್ವೀಡನ್ ಫಿನ್‌ಲೆಂಡ್ ದೇಶಗಳ ಮೇಲುಗಡೆಯಲ್ಲಿಯೂ ರಷ್ಯದ ಮತ್ತು ಅಮೆರಿಕದ ಧ್ರುವಸಮೀಪದ ಬಯಲುಗಳಲ್ಲಿಯೂ, ಇದೇ ವರ್ಗಕ್ಕೆ ಸೇರಿದ ಕೆಲವು ಜಾತಿಗಳು ಬರಿಯ ನೆಲದ ಮೇಲೆ ಜಮಖಾನ ಹಾಸಿದಂತೆ ಹರದಾರಿಗಟ್ಟಲೆ ಹಬ್ಬಿಕೊಂಡಿವೆ. ನಮಗೆ ಚಿಟಿಕೆಯ ಸುವಾಸನೆಯಾಗಿರುವ ಕುಲದ ಈ ದೂರದ ಬಂಧುಗಳು ಅಲ್ಲಿಯ ಜನರಿಗೆ ಜೀವನಾಧಾರವಾಗಿವೆ. ರಾಜ್ಯಗಳ ಎಲ್ಲೆಕಟ್ಟುಗಳ ಕಥೆಯಲ್ಲಿಯೂ, ನ್ಯಾಯಾಲಯಗಳ ತೀರ್ಪುಗಳಲ್ಲಿಯೂ ಅವುಗಳಿಗೆ ಪಾತ್ರವುಂಟು. ಆ ಚರಿತ್ರೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ನೆಲದ ಕಲ್ಲುಹೂವುಗಳಲ್ಲಿ ಪ್ರಧಾನವಾದವು ಕ್ಲಾಡೋನಿಯವೆಂಬ ಕುಲದವು. ಅವುಗಳಲ್ಲಿ ಒಂದು ಬೂದಿಯ ಬಣ್ಣದ್ದು, ಸಣ್ಣ ಪೊದೆಯಂತೆ ಕವಲೊಡೆದು ಗೇಣುದ್ದಕ್ಕಿಂತ ಕಡಿಮೆಯಾಗಿ ಬೆಳೆಯತಕ್ಕದ್ದು. ಇದಕ್ಕೆ ಸಸ್ಯಶಾಸ್ತ್ರದಲ್ಲಿ ಕ್ಲಾಡೋನಿಯ ರಾಂಗಿಫೆರಿನ, ಎಂದರೆ ಹಿಮಸಾರಂಗದ ಕ್ಲಾಡೋನಿಯ, ಎಂದು ಹೆಸರು. ಇನ್ನೊಂದು, ಕ್ಲಾಡೋನಿಯ ಸ್ಟೆಲ್ಲಾರಿಸ್ ಎಂಬುದು, ತಿಳಿಹಳದಿಯ ಛಾಯೆಯ ಹೂಕೋಸಿನ ಗಡ್ಡೆಗಳಂತೆ ದುಂಡುದುಂಡಾಗಿ ನೆಲವನ್ನು ಮುಚ್ಚುತ್ತದೆ. ಇವಕ್ಕೆ ಬೇರಿಲ್ಲ. ಮಣ್ಣಿನಿಂದ ಇವು ಪಡೆಯುವುದು ನಿಲ್ಲಲು ಸ್ಥಳವನ್ನು ಮಾತ್ರವೆಂದರೂ ಸಲ್ಲುವುದು. ನೀರನ್ನೂ ಆಹಾರಲವಣಗಳನ್ನೂ ಮಳೆ, ಮಂಜು, ಧೂಳುಗಳ ಮೂಲಕ ಮೈಯಿಂದಲೇ ಹೀರಿಕೊಳ್ಳುತ್ತವೆ. ನಮ್ಮಲ್ಲಿ ಆಕಾಶವೃತ್ತಿಯೆಂಬ ಮಾತುಂಟಷ್ಟೆ. ಆ ಮಾತಿಗೆ ಇದಕ್ಕಿಂತ ನೇರವಾದ ಉದಾಹರಣೆ ದೊರೆಯಲಾರದು. ತೇವವಿದ್ದಾಗ ಹತ್ತಿಯಂತೆ ಮೃದುವಾಗಿ ಬೆಳೆಯುತ್ತವೆ. ಒಣಗಿದಾಗ ಉಸಿರಾಟವನ್ನು ಬಹುಮಟ್ಟಿಗೆ ನಿಲ್ಲಿಸಿ ಕಾಲಿನ ಕೆಳಗೆ ಹಪ್ಪಳದಂತೆ ಪುಡಿಯಾಗುತ್ತವೆ. ಬೆಳೆವಣಿಗೆಯೋ ಅತಿ ನಿಧಾನ: ವರ್ಷಕ್ಕೆ ಸುಮಾರು ೩ರಿಂದ ೫ ಮಿಲಿಮೀಟರು. ವರ್ಷಕ್ಕೊಂದು ಸುತ್ತು ಕವಲು ಮೂಡುವುದರಿಂದ ಗಂಟುಗಳನ್ನು ಎಣಿಸಿ ವಯಸ್ಸನ್ನು ಅಂದಾಜುಮಾಡಬಹುದು. ಬುಡವು ಕೊಳೆಯುತ್ತ ಹೋಗುತ್ತದೆ, ತುದಿಯು ಬೆಳೆಯುತ್ತ ಹೋಗುತ್ತದೆ. ಕಾಳ್ಗಿಚ್ಚಿನಿಂದ ಒಮ್ಮೆ ಸುಟ್ಟುಹೋದ ನೆಲದಲ್ಲಿ ಮೊದಲು ಬಟ್ಟಲಿನಂಥ ಸಣ್ಣ ಜಾತಿಗಳು ತಲೆಯೆತ್ತುವುವು. ಹಿಮಸಾರಂಗವು ಮೆಚ್ಚುವ ಜಾತಿಗಳು ಆಮೇಲೆ ಮೆಲ್ಲಮೆಲ್ಲಗೆ ಬರುವುವು. ಹೂಕೋಸಿನಂಥ ಸ್ಟೆಲ್ಲಾರಿಸ್ ನೆಲವನ್ನು ಮತ್ತೆ ತುಂಬಬೇಕಾದರೆ ಒಬ್ಬ ಮನುಷ್ಯನ ಆಯುಷ್ಯವು ಸಾಲದಿರಬಹುದು. ಇದೊಂದು ಸಂಗತಿಯನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಣ ಕಥೆಯೆಲ್ಲ ಸುಲಭವಾಗಿ ತಿಳಿಯುವುದು.

ಹಿಮಸಾರಂಗಕ್ಕೂ ಈ ಸಸ್ಯಕ್ಕೂ ಇರುವ ಸಂಬಂಧವು ವಿಚಿತ್ರವಾದುದು. ಬೇಸಗೆಯಲ್ಲಿ ಆ ಮೃಗವು ಹುಲ್ಲು ಚಿಗುರುಗಳನ್ನು ತಿಂದು ಮೈ ತುಂಬಿಕೊಳ್ಳುತ್ತದೆ. ಚಳಿಗಾಲದಲ್ಲಿ ಹಸುರೆಲ್ಲ ಮಾಯವಾದ ಬಳಿಕ ಹಿಮದಡಿಯ ಕಲ್ಲುಹೂವನ್ನು ಮೂಗಿನಿಂದ ಪತ್ತೆಹಚ್ಚಿ, ಗೊರಸಿನಿಂದ ಹಿಮವನ್ನು ತೋಡಿ ತಿನ್ನುತ್ತದೆ. ಆಗಿನ ಅದರ ಆಹಾರದಲ್ಲಿ ಅನೇಕವೇಳೆ ಅರ್ಧಕ್ಕೆ ಮೇಲ್ಪಟ್ಟು ಇದೇ ಇರುವುದು. ಮಿಕ್ಕ ಪ್ರಾಣಿಗಳಿಗೆ ಅರಗದ ಇದರ ಪಿಷ್ಟವನ್ನು ಹಿಮಸಾರಂಗದ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ಕರಗಿಸಿಕೊಡುತ್ತವೆ. ಇದರಿಂದ ಮೈಗೆ ಬಿಸಿ ಉಂಟಾಗುವುದೇ ಹೊರತು ಮಾಂಸವು ಬೆಳೆಯುವುದಿಲ್ಲ. ಆದುದರಿಂದ ಚಳಿಗಾಲಕ್ಕೆ ಒಳನಾಡಿನ ಕಲ್ಲುಹೂವಿನ ಬಯಲು, ಬೇಸಗೆಗೆ ಬೆಟ್ಟದ ಅಥವಾ ಕಡಲ ಕರೆಯ ಹಸುರು, ಹೀಗೆ ಎರಡೂ ಬೇಕು. ಬೇಸಗೆಯಲ್ಲಿ ಮಂದೆಯು ಕಲ್ಲುಹೂವಿನ ನೆಲದಲ್ಲಿಯೇ ನಿಂತರೆ ತಿಂದು ಹಾಳಾಗುವುದಕ್ಕಿಂತ ತುಳಿದು ಹಾಳಾಗುವುದೇ ಹೆಚ್ಚು. ಈ ಮೃಗಗಳನ್ನು ಸಾಕಿ ಅವುಗಳೊಡನೆ ವರ್ಷಕ್ಕೆರಡು ಬಾರಿ ವಲಸೆ ಹೋಗುತ್ತಿದ್ದವರು ಸಾಮಿಗಳು. ಹಿಂದಣ ಗ್ರಂಥಗಳಲ್ಲಿ ಇವರನ್ನು ಲಾಪರೆಂದು ಬರೆದಿದೆ. ಆ ಹೆಸರಿನಲ್ಲಿ ತಾತ್ಸಾರದ ಧ್ವನಿಯಿರುವುದರಿಂದ ಅದು ಅವರಿಗೆ ಸಮ್ಮತವಲ್ಲ. ನೆಲದ ಕಲ್ಲುಹೂವಿಗೊಂದು, ಮರದಿಂದ ಗಡ್ಡದಂತೆ ಇಳಿಬೀಳುವುದಕ್ಕೊಂದು, ಹೀಗೆ ಇವರ ಭಾಷೆಯಲ್ಲಿ ಬೇರೆ ಬೇರೆ ಶಬ್ದಗಳಿವೆ. ಹಿಮದ ಬಗೆಗಳಿಗಂತೂ ಲೆಕ್ಕವಿಲ್ಲದಷ್ಟು ಮಾತುಗಳು. ಅವುಗಳಲ್ಲಿ ಹಲವು, ಕೆಳಗಿನ ಮೇವು ಮೃಗಕ್ಕೆ ಎಟುಕುವುದೋ ಇಲ್ಲವೋ ಎಂಬುದನ್ನೇ ತಿಳಿಸುವಂಥವು.

ಈ ವಿಷಯವನ್ನು ಮೊದಲು ವಿದ್ವತ್ಪ್ರಪಂಚದ ಗಮನಕ್ಕೆ ತಂದವರಲ್ಲಿ ಮುಖ್ಯನು ಸ್ವೀಡನ್ ದೇಶದ ಕಾರ್ಲ್ ಲಿನೀಯಸನು. ೧೭೩೨ನೆಯ ಇಸವಿ ಮೇ ತಿಂಗಳಲ್ಲಿ, ಇನ್ನೂ ಇಪ್ಪತ್ತೈದು ತುಂಬದ ಈ ತರುಣನು ಉಪ್ಸಾಲದಿಂದ ಒಂಟಿಯಾಗಿ ಹೊರಟು, ಬೋತ್ನಿಯ ಕೊಲ್ಲಿಯ ಕರೆಯನ್ನು ಹಿಡಿದು ಉತ್ತರಕ್ಕೆ ಹೋಗಿ, ಪರ್ವತಗಳನ್ನು ದಾಟಿ ನಾರ್ವೆಯ ಸಮುದ್ರವನ್ನು ಕಂಡು, ಅಕ್ಟೋಬರಿನಲ್ಲಿ ಹಿಂದಿರುಗಿದನು. ಅಲ್ಲಿಯ ಸಸ್ಯಗಳನ್ನು ಕುರಿತ ಅವನ ಗ್ರಂಥವು ೧೭೩೭ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಅಚ್ಚಾಯಿತು. ದೊಡ್ಡ ಮರಗಳನ್ನೂ ಅಂದವಾದ ಹೂಗಳನ್ನೂ ವರ್ಣಿಸುವುದಕ್ಕೆ ಯಾರೂ ಸಿದ್ಧರು. ಕಾಲಿನಡಿಯ ಈ ಬೂದಿಬಣ್ಣದ ಪೊದೆಯ ಮೇಲೆ ಒಂದು ಜನಾಂಗದ ಬಾಳೇ ನಿಂತಿದೆಯೆಂಬುದನ್ನು ಗ್ರಹಿಸಿದ್ದು ಅವನ ಹೆಚ್ಚುಗಾರಿಕೆ. ೧೭೫೩ರ ಮಹಾಗ್ರಂಥದಲ್ಲಿ ಅದಕ್ಕೆ ಹಿಮಸಾರಂಗದ ಹೆಸರನ್ನೇ ಇಟ್ಟನು. ಆದರೆ ಈ ವರ್ಗದ ಸಕಲ ಜಾತಿಗಳನ್ನೂ ಒಂದೇ ಕುಲದಲ್ಲಿ ತುಂಬಿ ಕೈತೊಳೆದುಕೊಂಡನು. ಅವನ್ನು ಬಿಡಿಸಿ ಕ್ರಮಪಡಿಸುವ ಕೆಲಸವು ಅವನ ಕೊನೆಯ ಶಿಷ್ಯರಲ್ಲಿ ಒಬ್ಬನಾದ ಎರಿಕ್ ಆಕಾರಿಯಸನ ಪಾಲಿಗೆ ಬಂದಿತು. ವಾಡ್‌ಸ್ಟೇನವೆಂಬ ಊರಿನಲ್ಲಿ ವೈದ್ಯನಾಗಿದ್ದ ಈತನು ೧೮೦೩ರಲ್ಲಿಯೂ ೧೮೧೦ರಲ್ಲಿಯೂ ಪ್ರಕಟಿಸಿದ ಗ್ರಂಥಗಳಿಂದ ಕಲ್ಲುಹೂವಿನ ಶಾಸ್ತ್ರವು ಸ್ವತಂತ್ರವಾಯಿತು.

ಆ ಸಸ್ಯದ ನಿಜಸ್ವರೂಪವು ಮಾತ್ರ ಇನ್ನೂ ಅಜ್ಞಾತವಾಗಿಯೇ ಇದ್ದಿತು. ೧೮೬೭ರಲ್ಲಿ ಸ್ವಿಟ್ಜರ್ಲೆಂಡಿನ ಸೀಮೋನ್ ಶ್ವೆಂಡೆನರನು, ಕಲ್ಲುಹೂವು ಒಂದು ಜೀವಿಯಲ್ಲವೆಂದೂ, ಬೂಷ್ಟಿನ ವರ್ಗದ ಶಿಲೀಂಧ್ರವೊಂದು ಹಸುರು ಪಾಚಿಯನ್ನು ತನ್ನ ಎಳೆಗಳೊಳಗೆ ಸೆರೆಯಿಟ್ಟುಕೊಂಡು ಬಾಳುವ ಕೂಡುಬಾಳೆಂದೂ ಸಾರಿದನು. ಒಡೆಯನೂ ಆಳುಗಳೂ ಎಂಬ ಹೋಲಿಕೆಯನ್ನು ಅವನೇ ಕೊಟ್ಟನು. ಫಿನ್‌ಲೆಂಡಿನವನಾಗಿ ಪ್ಯಾರಿಸಿನಲ್ಲಿ ನೆಲಸಿದ್ದ ನೀಲಾಂಡರನೇ ಮೊದಲಾದ ಹಿರಿಯ ಪಂಡಿತರು ಇದನ್ನು ಕಟುವಾಗಿ ಖಂಡಿಸಿದರು. ಕ್ರಾಂಬಿಯೆಂಬ ಬ್ರಿಟಿಷ್ ಪಂಡಿತನು, ಕ್ರೂರಿಯಾದ ಯಜಮಾನನ ಸೆರೆಯಲ್ಲಿ ಸಿಕ್ಕಿದ ಕನ್ಯೆಯ ಕಟ್ಟುಕಥೆಯೆಂದು ಹಾಸ್ಯಮಾಡಿದನು. ಹಾಸ್ಯವು ಚೆನ್ನಾಗಿದ್ದಿತು, ಸತ್ಯವು ಶ್ವೆಂಡೆನರನ ಕಡೆಗಿದ್ದಿತು. ಭಿನ್ನಜಾತಿಯ ಜೀವಿಗಳ ಇಂಥ ಸಹಜೀವನಕ್ಕೆ ಜರ್ಮನಿಯ ದ ಬಾರಿ ಎಂಬ ವಿದ್ವಾಂಸನು ೧೮೭೮ರ ಉಪನ್ಯಾಸದಲ್ಲಿ ಕೊಟ್ಟ ವಿವರಣೆಯು ಇಂದು ಜೀವಶಾಸ್ತ್ರದಲ್ಲೆಲ್ಲ ಹರಡಿದೆ. ೨೦೧೬ರಲ್ಲಿ ಸ್ಪ್ರಿಬಿಲ್ ಎಂಬಾತನೂ ಅವನ ಸಂಗಡಿಗರೂ ಕೆಲವು ಕಲ್ಲುಹೂವುಗಳ ಹೊರಪದರದಲ್ಲಿ ಇನ್ನೊಂದು ಬಗೆಯ ಶಿಲೀಂಧ್ರವೂ ಇರುವುದನ್ನು ತೋರಿಸಿದರು. ಮನೆಯೊಳಗಿನ ಬಾಡಿಗೆದಾರರ ಸಂಖ್ಯೆ ಇನ್ನೂ ಹೆಚ್ಚಿದರೆ ಆಶ್ಚರ್ಯವಿಲ್ಲ.

ಕ್ಷಾಮದ ಕಾಲದಲ್ಲಿ ಮನುಷ್ಯರೂ ಇದನ್ನು ತಿಂದದ್ದುಂಟು. ಐಸ್‌ಲೆಂಡಿನಲ್ಲಿ ಸೆಟ್ರೇರಿಯವೆಂಬ ನೆಲದ ಕಲ್ಲುಹೂವನ್ನು ಹಾಲಿನಲ್ಲಿ ಬೇಯಿಸಿ ಉಣ್ಣುವ ಪದ್ಧತಿ ಹಳೆಯದು. ಫಿನ್‌ಲೆಂಡಿನಲ್ಲಿ ೧೮೬೬ರಿಂದ ೧೮೬೮ರವರೆಗೆ ಒದಗಿದ ಭಯಂಕರ ಕ್ಷಾಮದಲ್ಲಿ ಬೂದಿನೀರಿನಿಂದ ಇದರ ಕಹಿಯನ್ನು ತೆಗೆದು ಹಿಟ್ಟುಮಾಡಿ ರೊಟ್ಟಿಗೆ ಬೆರಸುವಂತೆ ಅಧಿಕಾರಿಗಳೇ ಜನರಿಗೆ ಬೋಧಿಸಿದರು. ಅದೇ ೧೮೬೮ರಲ್ಲಿ ಸ್ವೀಡನ್ನಿನ ಸ್ಟೆನ್‌ಬರ್ಗನೆಂಬ ರಸಾಯನಶಾಸ್ತ್ರಜ್ಞನು ಇದರ ಪಿಷ್ಟದಿಂದ ಮದ್ಯವನ್ನು ಇಳಿಸುವ ಕ್ರಮವನ್ನು ಕಂಡುಹಿಡಿದನು, ಭಟ್ಟಿಗಳೂ ಎದ್ದವು. ಕೆಲವೇ ವರ್ಷಗಳಲ್ಲಿ ಸುತ್ತಣ ಕಾಡುಗಳ ಕಲ್ಲುಹೂವು ತೀರಿಹೋಗಿ ಆ ಕೈಗಾರಿಕೆಯು ಮುಚ್ಚಿತು. ವರ್ಷಕ್ಕೆ ಕೆಲವು ಮಿಲಿಮೀಟರು ಬೆಳೆಯುವ ಬೆಳೆಯನ್ನು ನಂಬಿ ಭಟ್ಟಿಯನ್ನು ಹೂಡಿದವರಿಗೆ ಬೇರೆ ಏನು ಗತಿ?

ಇನ್ನು ರಾಜಕೀಯದ ಭಾಗಕ್ಕೆ ಬರೋಣ. ನಾರ್ವೆಯು ಡೆನ್ಮಾರ್ಕಿಗೂ, ಫಿನ್‌ಲೆಂಡು ಸ್ವೀಡನ್ನಿಗೂ ಸೇರಿದ್ದ ಕಾಲದಲ್ಲಿ ಆ ಎರಡು ರಾಜ್ಯಗಳು ಉತ್ತರದ ಕಾಡುಬೆಟ್ಟಗಳಲ್ಲಿ ಎಲ್ಲೆಯನ್ನು ಗೊತ್ತುಮಾಡಿಕೊಳ್ಳಲು ೧೭೫೧ರಲ್ಲಿ ಸ್ಟ್ರೋಮ್‌ಸ್ಟಾಡಿನಲ್ಲಿ ಕೌಲುಮಾಡಿಕೊಂಡವು. ಆ ಕೌಲಿಗೆ ಅನುಬಂಧವಾಗಿ ಮೂವತ್ತು ಪ್ರಕರಣಗಳ ಒಂದು ಪತ್ರವಿದೆ. ಸಾಮಿಗಳು ಎಂದಿನಂತೆ ಮಂದೆಗಳೊಡನೆ ಎಲ್ಲೆಯನ್ನು ದಾಟಿ, ವಸಂತದಲ್ಲಿ ಒಂದು ಕಡೆಗೂ ಶರತ್ಕಾಲದಲ್ಲಿ ಇನ್ನೊಂದು ಕಡೆಗೂ ಹೋಗಬಹುದೆಂದೂ, ಯುದ್ಧವಾದರೂ ಅವರಿಗೆ ತೊಂದರೆ ಕೊಡಲಾಗದೆಂದೂ ಅದರಲ್ಲಿ ಒಪ್ಪಲಾಗಿದೆ. ನೂರಾರು ವರ್ಷ ದಂಡೆತ್ತಿ ಹೊಡೆದಾಡಿದ ಎರಡು ದೊರೆತನಗಳು ಒಂದು ಮೃಗದ ಹೊಟ್ಟೆಗೆ ಇಷ್ಟು ಮನ್ನಣೆ ಕೊಟ್ಟುದು ಆ ಕಾಲಕ್ಕೆ ಮೆಚ್ಚತಕ್ಕ ಮಾತು. ಎರಡು ಕಡೆಯ ಮೇವೂ ಇಲ್ಲದೆ ಆ ಜನರು ಬದುಕಲಾರರು, ಅವರು ಬದುಕದೆ ತೆರಿಗೆ ಬರಲಾರದು ಎಂಬುದೂ ಅರಮನೆಗಳಿಗೆ ತಿಳಿಯದಿರಲಿಲ್ಲ.

ಮುಂದೆ ಎಲ್ಲೆಗಳು ಕೈಬದಲಾಯಿಸಿದವು. ೧೮೦೯ರಲ್ಲಿ ಫಿನ್‌ಲೆಂಡು ರಷ್ಯದ ವಶವಾಯಿತು. ೧೮೧೪ರಲ್ಲಿ ನಾರ್ವೆಯು ಸ್ವೀಡನ್ನಿನ ದೊರೆಗೆ ಅಧೀನವಾಯಿತು. ಮೇವು, ಮೀನುಗಾರಿಕೆಗಳ ವಿಚಾರದಲ್ಲಿ ಮಾತು ಮುರಿದು, ೧೮೫೨ರಲ್ಲಿ ರಷ್ಯದ ಚಕ್ರವರ್ತಿಯು ನಾರ್ವೆಗೂ ಫಿನ್‌ಲೆಂಡಿಗೂ ನಡುವಣ ಎಲ್ಲೆಯನ್ನು ಮಂದೆಗಳಿಗೆ ಮುಚ್ಚಿಸಿದನು. ನಾರ್ವೆಯ ಕೌಟೊಕೇನೊ ಸೀಮೆಯ ಸಾಮಿಗಳಿಗೆ ಚಳಿಗಾಲದ ಕಲ್ಲುಹೂವಿನ ಬಯಲುಗಳು ಇದ್ದುದು ಫಿನ್‌ಲೆಂಡಿನ ಕಡೆಯಲ್ಲಿ. ಹಲವರು ಒಂದು ಉಪಾಯವನ್ನು ಹೂಡಿದರು: ಸ್ವೀಡನ್ನಿನ ಕಾರೆಸುವಾಂಡೊ ಸೀಮೆಗೆ ಹೋಗಿ ಅಲ್ಲಿಯ ಪ್ರಜೆಗಳಾದರು, ಸ್ವೀಡನ್ನಿಗೂ ಫಿನ್‌ಲೆಂಡಿಗೂ ನಡುವಣ ಎಲ್ಲೆ ಆಗ ತೆರೆದೇ ಇದ್ದಿತು. ೧೮೮೯ರಲ್ಲಿ ಅದೂ ಮುಚ್ಚಿತು. ಹೀಗೆ ಮಂದೆಗಳೆಲ್ಲ ಸ್ವೀಡನ್ನಿನ ಮೂಲೆಯೊಂದರಲ್ಲಿ ಒತ್ತರಿಸಿದವು. ೧೯೦೫ರಲ್ಲಿ ನಾರ್ವೆಯು ಸ್ವತಂತ್ರವಾದ ಮೇಲೆ ತನ್ನ ಕಡಲ ಕರೆಯ ಬೇಸಗೆ ಮೇವನ್ನು ಸ್ವೀಡನ್ನಿನ ಮಂದೆಗಳಿಗೆ ಬಿಡಲು ಒಪ್ಪಲಿಲ್ಲ. ೧೯೧೯ರ ಒಪ್ಪಂದದಿಂದ ಅದು ಬಹುವಾಗಿ ಕಡಿಮೆಯಾಯಿತು.

ಆಗ ಸ್ವೀಡನ್ ಸರ್ಕಾರವು ಕೈಗೊಂಡ ಕ್ರಮವೇ ಈ ಚರಿತ್ರೆಯ ಕಹಿಯಾದ ಅಧ್ಯಾಯ. ೧೯೧೯ರ ಬಳಿಕ, ೧೯೩೨ರವರೆಗೂ, ಕಾರೆಸುವಾಂಡೊ ಮೊದಲಾದ ಉತ್ತರದ ಸೀಮೆಗಳಿಂದ ಸಾಮಿ ಕುಟುಂಬಗಳನ್ನು ಮಂದೆಗಳ ಸಮೇತ ನೂರಾರು ಮೈಲಿ ದಕ್ಷಿಣಕ್ಕೆ ಸಾಗಿಸಿದರು. ಅವರ ಭಾಷೆಯಲ್ಲಿ ಇದನ್ನು ಬಾಗ್ಗೊಯೊಹ್ತಿನ್ ಎನ್ನುತ್ತಾರೆ: ಬಲವಂತದ ವಲಸೆ ಎಂದರ್ಥ. ಹಿಂದೆ ಮುಂದೆ ಹೋಗುವುದು ಆ ಜನರಿಗೆ ಹೊಸತಲ್ಲ. ಹೋದವರು ಹಿಂದಿರುಗದೆ ಇರುವುದು ಹೊಸತು. ಅವರು ಸೇರಿದ ನಾಡು ಬರಿದಾಗಿರಲಿಲ್ಲ. ಅಲ್ಲಿ ದಕ್ಷಿಣದ ಸಾಮಿಗಳು ಬೇರೊಂದು ನುಡಿಯನ್ನಾಡುತ್ತ, ಬೇರೊಂದು ಬಗೆಯಲ್ಲಿ ಮಂದೆಯನ್ನು ಕಾಯುತ್ತ, ತಮ್ಮ ಕಲ್ಲುಹೂವನ್ನು ತಮ್ಮ ಮೊಮ್ಮಕ್ಕಳ ಲೆಕ್ಕವಿಟ್ಟು ಬಳಸುತ್ತಿದ್ದರು. ಮಂದೆಗಳು ಬೆರೆತವು, ಮೇವು ತೀರಿತು, ಮನಸ್ಸುಗಳು ಮುರಿದವು. ಈ ಮನೆತನಗಳ ನೆನಪುಗಳನ್ನು ಎಲಿನ್ ಆನ ಲಾಬ್ಬ ಎಂಬ ಸಾಮಿ ಲೇಖಕಿಯು ಸಂಗ್ರಹಿಸಿ ಬರೆದ ಪುಸ್ತಕಕ್ಕೆ ೨೦೨೦ರಲ್ಲಿ ಸ್ವೀಡನ್ನಿನ ಆಗಸ್ಟ್ ಬಹುಮಾನವು ದೊರೆಯಿತು.

೧೮೫೨ರಲ್ಲಿ ಮುಚ್ಚಿದ ಎಲ್ಲೆಯ ಗುರುತನ್ನು ಇಂದಿಗೂ ಕಾಣಬಹುದು, ಅದೂ ಆಕಾಶದಿಂದ. ನಾರ್ವೆಗೂ ಫಿನ್‌ಲೆಂಡಿಗೂ ನಡುವೆ ೧೯೫೦ರ ದಶಕದಲ್ಲಿ ಬೇಲಿ ಹಾಕಿದರು. ನಾರ್ವೆಯ ಕಡೆಯ ಆ ನೆಲವನ್ನು ಮಂದೆಗಳು ಚಳಿಗಾಲದಲ್ಲಿ ಮಾತ್ರ, ಹಿಮದ ಹೊದಿಕೆಯಿರುವಾಗ, ಬಳಸುತ್ತವೆ; ಬೇಸಗೆಗೆ ಕರಾವಳಿಗೆ ಹೋಗಿಬಿಡುತ್ತವೆ. ಫಿನ್‌ಲೆಂಡಿನ ಕಡೆಯಲ್ಲಿ ಕಡಲಿಗೆ ದಾರಿಯಿಲ್ಲದೆ ಬೇಸಗೆಯಲ್ಲಿಯೂ ಅಲ್ಲಿಯೇ ತುಳಿದಾಡುತ್ತವೆ. ಪರಿಣಾಮವೇನೆಂದರೆ, ಬೇಲಿಯ ಒಂದು ಮಗ್ಗುಲು ಕಲ್ಲುಹೂವಿನ ಹೊದಿಕೆಯಿಂದ ಬೆಳ್ಳಗೆ, ಇನ್ನೊಂದು ಮಗ್ಗುಲು ಕಂದಾಗಿ, ಉಪಗ್ರಹದಿಂದ ತೆಗೆದ ಚಿತ್ರಗಳಲ್ಲಿ ಗೆರೆ ಎಳೆದಂತೆ ಕಾಣುತ್ತದೆ. ನೆಲ ಒಂದೇ, ಹವೆ ಒಂದೇ. ಭೂಪಟದ ಮೇಲೆ ಶಾಯಿಯಿಂದ ಎಳೆದ ರೇಖೆಯು ಕಾಲಕ್ರಮದಲ್ಲಿ ಸಸ್ಯದಲ್ಲಿಯೇ ಮೂಡಿದ ಇಂಥ ನಿದರ್ಶನವು ಚರಿತ್ರೆಯಲ್ಲಿ ಹೆಚ್ಚಾಗಿ ದೊರೆಯಲಾರದು.

ಹಿಮಸಾರಂಗವನ್ನು ಹೊಸ ನೆಲಕ್ಕೆ ಒಯ್ದವರ ಅನುಭವವೂ ಇಲ್ಲಿ ಹೇಳತಕ್ಕುದಾಗಿದೆ. ೧೮೯೨ರಿಂದ ೧೯೦೨ರವರೆಗೆ ಅಮೆರಿಕ ಸರ್ಕಾರದವರು ಸೈಬೀರಿಯದಿಂದ ೧,೨೮೦ ಹಿಮಸಾರಂಗಗಳನ್ನು ಅಲಾಸ್ಕಕ್ಕೆ ತರಿಸಿದರು. ೧೯೩೦ರ ಸುಮಾರಿಗೆ ಅವು ಆರು ಲಕ್ಷವನ್ನು ಮೀರಿ, ೧೯೫೦ರ ಹೊತ್ತಿಗೆ ಇಪ್ಪತ್ತೈದು ಸಾವಿರಕ್ಕೆ ಇಳಿದವು. ತೋಳಗಳ ಹಾವಳಿ, ಕಾವಲಿನ ಅಲಕ್ಷ್ಯ ಮುಂತಾದ ಕಾರಣಗಳ ಜೊತೆಗೆ ಕಲ್ಲುಹೂವಿನ ಕ್ಷಯವೂ ಒಂದು. ಬೇರಿಂಗ್ ಸಮುದ್ರದ ಸೇಂಟ್ ಮ್ಯಾಥ್ಯೂ ದ್ವೀಪದಲ್ಲಿ ಇದೇ ಕಥೆಯು ಬೇರೆ ಕಾರಣಗಳ ಗೊಂದಲವಿಲ್ಲದೆ ನಡೆಯಿತು. ಯುದ್ಧಕಾಲದಲ್ಲಿ, ೧೯೪೪ರಲ್ಲಿ, ಅಲ್ಲಿ ೨೯ ಮೃಗಗಳನ್ನು ಬಿಟ್ಟರು. ತೋಳಗಳಿಲ್ಲ, ಕರಡಿಯ ಕಾಟವಿಲ್ಲ, ತಲೆಮಾರುಗಳಿಂದ ಯಾರೂ ಮೇಯದ ದಪ್ಪನೆಯ ಕಲ್ಲುಹೂವಿನ ಹಾಸು. ೧೯೫೭ರಲ್ಲಿ ಡೇವಿಡ್ ಕ್ಲೈನ್ ಎಂಬ ಪ್ರಾಣಿಶಾಸ್ತ್ರಜ್ಞನು ಎಣಿಸಿದಾಗ ೧,೩೫೦ ಇದ್ದವು, ೧೯೬೩ರಲ್ಲಿ ೬,೦೦೦. ಆ ವರ್ಷದ ಚಳಿಗಾಲವು ಕಠಿಣವಾಯಿತು. ಹಿಮದ ಕೆಳಗೆ ತೋಡಿದರೆ ಸಿಕ್ಕಬೇಕಾದುದು ಇರಲಿಲ್ಲ. ೧೯೬೬ರಲ್ಲಿ ಕ್ಲೈನನು ಮತ್ತೆ ಹೋದಾಗ ಉಳಿದಿದ್ದವು ೪೨. ಅವುಗಳಲ್ಲಿ ಗಂಡು ಒಂದೇ ಒಂದು, ಮರಿ ಒಂದೂ ಇಲ್ಲ. ಮುಂದೆ ಆ ದ್ವೀಪದಲ್ಲಿ ಹಿಮಸಾರಂಗವು ನಿರ್ವಂಶವಾಯಿತು. ದಶಕಗಳು ಕಳೆದ ಮೇಲೂ ಕಲ್ಲುಹೂವು ಅಲ್ಲಿ ಮೊದಲಿನಂತೆ ಬೆಳೆದುಕೊಂಡಿರಲಿಲ್ಲ.

ಆಕಾಶವೃತ್ತಿಯೆಂದು ಮೇಲೆ ಹೇಳಿದೆನಷ್ಟೆ. ಆಕಾಶವು ಕೊಡುವುದೆಲ್ಲ ಒಳ್ಳೆಯದೇ ಆಗಿರುವುದಿಲ್ಲವೆಂಬುದು ಅಣುಬಾಂಬುಗಳ ಕಾಲದಲ್ಲಿ ತಿಳಿಯಿತು. ೧೯೫೭ರಿಂದ ೧೯೬೨ರವರೆಗೆ ರಷ್ಯನರು ನೋವಾಯ ಜೆಮ್ಲ್ಯ ದ್ವೀಪಗಳ ಮೇಲಣ ಆಕಾಶದಲ್ಲಿ ಬಾಂಬುಗಳನ್ನು ಸಿಡಿಸಿ ಪರೀಕ್ಷಿಸುತ್ತಿದ್ದರು. ಆ ಧೂಳಿನಲ್ಲಿದ್ದ ಸೀಸಿಯಮ್ ೧೩೭ ಎಂಬ ವಿಕಿರಣಶೀಲ ಪದಾರ್ಥವು ಮಳೆಯೊಡನೆ ಇಳಿದು ಕಲ್ಲುಹೂವನ್ನು ಸೇರಿತು. ಹುಲ್ಲಾದರೆ ವರ್ಷಕ್ಕೊಮ್ಮೆ ಹಳೆಯದು ಹೋಗಿ ಹೊಸದು ಬರುವುದು. ಕಲ್ಲುಹೂವು ಹೀರಿದುದನ್ನು ವರ್ಷಗಟ್ಟಲೆ ಬಿಡದು. ಅದರಿಂದ ಮೃಗಕ್ಕೆ, ಮೃಗದ ಮಾಂಸದಿಂದ ಮನುಷ್ಯನಿಗೆ. ಸಾಮಿಗಳ ಮೈಯಲ್ಲಿ ಸೀಸಿಯಮ್ ಉಳಿದ ಜನರಿಗಿಂತ ಬಹಳ ಅಧಿಕವಾಗಿದೆಯೆಂದು ಸ್ವೀಡನ್ನಿನ ಕುರ್ಟ್ ಲಿಡೇನನು ೧೯೬೧ರಲ್ಲಿ ಪ್ರಕಟಿಸಿದನು.

ಅದಕ್ಕಿಂತ ದೊಡ್ಡ ಪೆಟ್ಟು ೧೯೮೬ರ ಏಪ್ರಿಲ್ ೨೬ರಂದು ಚೆರ್ನೋಬಿಲಿನ ಅಣುಸ್ಥಾವರವು ಸಿಡಿದಾಗ ಬಿದ್ದಿತು. ಆ ದಿನಗಳಲ್ಲಿ ಎಲ್ಲೆಲ್ಲಿ ಮಳೆ ಸುರಿಯಿತೋ ಅಲ್ಲಲ್ಲಿ ವಿಷವು ಇಳಿಯಿತು. ಸ್ವೀಡನ್ನಿನ ಮಧ್ಯಭಾಗದ ಮತ್ತು ನಾರ್ವೆಯ ದಕ್ಷಿಣ ಸಾಮಿಗಳ ನಾಡುಗಳು ಹೀಗೆ ಸಿಕ್ಕಿಬಿದ್ದವು. ಕಿಲೋಗ್ರಾಮಿಗೆ ೩೦೦ ಬೆಕೆರೆಲ್ಲಿಗೆ ಮೀರಿದ ಮಾಂಸವನ್ನು ಮಾರಕೂಡದೆಂದು ಸ್ವೀಡನ್ ಸರ್ಕಾರವು ವಿಧಿಸಿತು. ಆ ಚಳಿಗಾಲದಲ್ಲಿ ಕಡಿದ ಮೃಗಗಳಲ್ಲಿ ಬಹುಭಾಗದ ಮಾಂಸವನ್ನು ಎಸೆಯಬೇಕಾಯಿತು. ೧೯೮೭ರಲ್ಲಿ ಮಿತಿಯನ್ನು ೧,೫೦೦ಕ್ಕೆ ಏರಿಸಿದರು. ನಾರ್ವೆಯವರು ೧೯೮೬ರ ನವೆಂಬರಿನಲ್ಲಿಯೇ ೬,೦೦೦ಕ್ಕೆ ಏರಿಸಿದ್ದರು. ನಿನ್ನೆ ವಿಷವಾಗಿದ್ದುದು ಇಂದು ಆಹಾರವಾದುದು ಹೇಗೆಂದು ಮಂದೆಗಾರರು ಕೇಳಿದರೆ ತಪ್ಪೇನು? ಇದರಲ್ಲಿ ಸರ್ಕಾರಗಳದೂ ಒಂದು ನ್ಯಾಯವಿದ್ದಿತು: ಹಳೆಯ ಮಿತಿಯೇ ಉಳಿದಿದ್ದರೆ ಆ ವೃತ್ತಿಯೇ ಉಳಿಯುತ್ತಿರಲಿಲ್ಲ. ಕಡಿಯುವ ಮುನ್ನ ಕೆಲವು ವಾರ ಕಲ್ಲುಹೂವನ್ನು ತಪ್ಪಿಸಿ ಶುದ್ಧವಾದ ಮೇವನ್ನು ಕೊಟ್ಟರೆ ಮೃಗದ ಮೈಯಿಂದ ಸೀಸಿಯಮ್ ಇಳಿಯುವುದೆಂಬ ಉಪಾಯವು ಬಹಳ ಸಹಾಯಕ್ಕೆ ಬಂದಿತು.

ಈಗಿನ ಆಪತ್ತುಗಳು ಇನ್ನೂ ಸದ್ದಿಲ್ಲದವು. ಕಲ್ಲುಹೂವಿಗೆ ಬೆಳಕು ಬೀಳುವ ವಿರಳವಾದ ಪೈನ್ ಕಾಡು ಬೇಕು. ಕಾಡನ್ನು ಬೋಳಾಗಿ ಕಡಿದು, ನೆಲವನ್ನು ಯಂತ್ರದಿಂದ ಗೀರಿ, ಗಿಡಗಳನ್ನು ಒತ್ತಾಗಿ ನೆಟ್ಟರೆ ನೆರಳಿನಲ್ಲಿ ಹಾವಸೆ ಬೆಳೆಯುವುದು, ಕಲ್ಲುಹೂವು ಅಳಿಯುವುದು. ಸ್ವೀಡನ್ನಿನಲ್ಲಿ ಕಲ್ಲುಹೂವು ಸಮೃದ್ಧವಾಗಿರುವ ಕಾಡಿನ ವಿಸ್ತಾರವು ಅರುವತ್ತು ವರ್ಷಗಳಲ್ಲಿ ನೂರಕ್ಕೆ ೭೧ರಷ್ಟು ಕುಗ್ಗಿದೆಯೆಂದು ೨೦೧೬ರಲ್ಲಿ ಲೆಕ್ಕ ಕೊಟ್ಟಿದ್ದಾರೆ. ಹವೆಯು ಬಿಸಿಯಾಗುತ್ತಿರುವುದರಿಂದ ಚಳಿಗಾಲದ ನಡುವೆ ಮಳೆ ಬಿದ್ದು, ಮರುದಿನವೇ ಹೆಪ್ಪುಗಟ್ಟಿ, ಮೇವಿನ ಮೇಲೆ ಗಾಜಿನಂಥ ಪದರವಾಗುವುದೂ ಉಂಟು. ರಷ್ಯದ ಯಾಮಲ್ ಪ್ರಾಂತದಲ್ಲಿ ೨೦೧೩ರ ನವೆಂಬರಿನಲ್ಲಿ ಹೀಗಾಗಿ ನೆನೆಟ್ಸ್ ಜನರ ೬೧,೦೦೦ ಹಿಮಸಾರಂಗಗಳು ಸತ್ತವು. ಮೇವು ಇದ್ದೇ ಇದ್ದಿತು, ಗೊರಸಿಗೆ ಎಟುಕಲಿಲ್ಲ.

ನ್ಯಾಯಾಲಯಗಳ ಮಾತು ಇನ್ನೊಂದು ಉಳಿದಿದೆ. ಚಳಿಗಾಲದ ಮೇವಿನ ಕಾಡುಗಳು ಬಹುಮಟ್ಟಿಗೆ ಖಾಸಗಿ ಜಮೀನುದಾರರಿಗೆ ಸೇರಿದವು. ಇಲ್ಲಿ ಮೇಯಿಸಲು ನಿಮಗೆ ಹಕ್ಕೇನೆಂದು ಅವರು ಕೇಳಿದರೆ, ಅನಾದಿಯಿಂದ ನಡೆದುಬಂದ ರೂಢಿಯನ್ನು ಸಾಮಿಗಳು ಸ್ಥಾಪಿಸಬೇಕು. ಉತ್ತವನು ಉಳುಮೆಯ ಗುರುತನ್ನು ತೋರಿಸಬಹುದು, ಮನೆ ಕಟ್ಟಿದವನು ತಳಹದಿಯನ್ನು ತೋರಿಸಬಹುದು. ಹಿಮದ ಮೇಲೆ ಬಂದು ಹಿಮದ ಮೇಲೆಯೇ ಹೋದವನು ಏನನ್ನು ತೋರಿಸಬೇಕು? ಸಾವಧಾನವಾಗಿ ಮೇಯಿಸಿದ ನೆಲದಲ್ಲಿ ಕಲ್ಲುಹೂವು ಮತ್ತೆ ಬೆಳೆದು ಮೇದ ಗುರುತನ್ನೇ ಅಳಿಸಿಬಿಡುತ್ತದೆ. ಚೆನ್ನಾಗಿ ಕಾಪಾಡಿದುದೇ ಸಾಕ್ಷ್ಯದ ಕೊರತೆಯಾಗುತ್ತದೆ. ಹೆರ್ಯೆದಾಲೆನ್ ಪ್ರಾಂತದಲ್ಲಿ ೧೯೯೦ರಲ್ಲಿ ಆರಂಭವಾದ ವ್ಯಾಜ್ಯದಲ್ಲಿ ಅವರು ಸೋತರು. ದಾವೆಯ ಖರ್ಚಿನ ಭಾರವೂ ಅವರ ಮೇಲೆ ಬಿದ್ದಿತು. ನೂರ್ಡ್‌ಮಾಲಿಂಗಿನ ವ್ಯಾಜ್ಯದಲ್ಲಿ ಮಾತ್ರ, ೨೦೧೧ರಲ್ಲಿ, ಸ್ವೀಡನ್ನಿನ ಶ್ರೇಷ್ಠ ನ್ಯಾಯಾಲಯವು ಆ ಜನರ ಜೀವನಕ್ರಮಕ್ಕೆ ತಕ್ಕ ಸಾಕ್ಷ್ಯವನ್ನು ಪರಿಶೀಲಿಸಿ ಚಳಿಗಾಲದ ಮೇವಿನ ರೂಢಿಯ ಹಕ್ಕನ್ನು ಎತ್ತಿಹಿಡಿಯಿತು.

ನಾರ್ವೆಯ ಫೋಸೆನ್ ಪರ್ಯಾಯದ್ವೀಪದ ಚಳಿಗಾಲದ ಮೇವಿನ ಬೆಟ್ಟಗಳ ಮೇಲೆ ವಿದ್ಯುಚ್ಛಕ್ತಿಗಾಗಿ ಗಾಳಿಯಂತ್ರಗಳನ್ನು ನಿಲ್ಲಿಸಿದ್ದರು. ಅದಕ್ಕೆ ಕೊಟ್ಟ ಅಪ್ಪಣೆಯು ಸಾಮಿಗಳ ಸಂಸ್ಕೃತಿಯ ಹಕ್ಕಿಗೆ ವಿರುದ್ಧವಾಗಿ ಅಸಿಂಧುವೆಂದು ಆ ದೇಶದ ಶ್ರೇಷ್ಠ ನ್ಯಾಯಾಲಯವು ೨೦೨೧ರ ಅಕ್ಟೋಬರಿನಲ್ಲಿ ತೀರ್ಪಿತ್ತಿತು. ತೀರ್ಪಿನ ಬಳಿಕವೂ ಯಂತ್ರಗಳು ತಿರುಗುತ್ತಲೇ ಇದ್ದವು. ಐನೂರು ದಿನಗಳು ಕಳೆದ ಮೇಲೆ, ೨೦೨೩ರಲ್ಲಿ, ಸಾಮಿ ತರುಣರು ಆಸ್ಲೋ ನಗರದ ಸಚಿವಾಲಯಗಳ ಬಾಗಿಲುಗಳಲ್ಲಿ ಕುಳಿತರು. ಆ ವರ್ಷದ ಡಿಸೆಂಬರಿನಲ್ಲಿ ದಕ್ಷಿಣ ಫೋಸೆನ್ನಿನ ಮಂದೆಗಾರರೊಡನೆಯೂ, ೨೦೨೪ರ ಮಾರ್ಚಿಯಲ್ಲಿ ಉತ್ತರದವರೊಡನೆಯೂ ರಾಜಿಯಾಯಿತು. ಯಂತ್ರಗಳು ಉಳಿದವು, ಮಂದೆಗಳ ಚಳಿಗಾಲಕ್ಕೆ ಬೇರೆಡೆಯಲ್ಲಿ ಬದಲಿ ನೆಲವನ್ನು ಒದಗಿಸುವುದು ರಾಜಿಯ ಷರತ್ತುಗಳಲ್ಲಿ ಸೇರಿದೆ.